ಹಳೆ ಕಾರಿನ ಇಂಜಿನ್ ಒಳಗಿನ ತುಕ್ಕು, ಹೂಳು ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೇರೆ ಹಳೆ ಗಾಡಿಗಳಿಗೂ ಬಹುಪಾಲು ಹೊಂದುತ್ತದೆ. ಇಂಜಿನ್ ತಂಪು ಮಾಡುವ ನೀರು ಓಡಾಡುವ ದಾರಿಯಲ್ಲಿ ಕೂರುವ ತುಕ್ಕು, ಹೂಳಿನ ಮಾತು ಇದು. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಬಿಸಿ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಮೊದಲನೆಯದು ಮುಖ ಸುಡುತ್ತದೆ, ಎರಡನೆಯದು ಬ್ಲಾಕನ್ನು (ಸಿಲಿಂಡರ್‌ಗಳಿರುವ ಇಂಜಿನ್ನಿನ ಎರಕದ ಮೈಯನ್ನು) ಸೀಳುತ್ತದೆ. ಇಷ್ಟು ನೆನಪಿಟ್ಟುಕೊಂಡು ಮುಂದೆ ಓದಿ.

ಗಾಡಿ ಹೀಟ್ ಆಗುತ್ತಿದೆ. ಒಳಗೆ ಹೂಳು ತುಂಬಿದೆ ಅಂತ ಹೇಗೆ ಗೊತ್ತಾಗುತ್ತದೆ?

ಹೀಟ್ ಆದ ಮಾತ್ರಕ್ಕೆ ಹೂಳೇ ಕಾರಣ ಅನ್ನಬೇಡಿ. ಫ್ಯಾನ್ ಬೆಲ್ಟ್ ಸಡಿಲವಾಗಿದ್ದರೂ, ಪ್ಲಗ್ ಕಿಡಿ ಹಾರಿಸುವ ಟೈಮಿಂಗ್ ತಪ್ಪಿದ್ದರೂ, ಮುಚ್ಚಳದ ರಬ್ಬರ್ ಹೋಗಿದ್ದರೂ ಗಾಡಿ ಹೀಟ್ ಆಗುತ್ತದೆ. ಅಗ್ಗದ ಕೆಲಸಗಳನ್ನು ಮೊದಲು ಮುಗಿಸಿ.

ಆಮೇಲೆ ಬ್ಲಾಕ್‌ನ ಪಕ್ಕದಲ್ಲಿರುವ ಡ್ರೈನ್ ಟ್ಯಾಪ್ ತಿರುಗಿಸಿ. ಅಂಬಾಸಿಡರ್ ಇಂಜಿನ್ನಿನಲ್ಲಿ ಇದು ಬ್ಲಾಕ್‌ನ ಹಿಂಭಾಗದ ಕಡೆ ಇರುತ್ತದೆ. ರೇಡಿಯೇಟರ್ ತುಂಬ ನೀರಿದ್ದೂ ಇಲ್ಲಿಂದ ಒಂದು ಹನಿಯೂ ಬರಲಿಲ್ಲ ಅಂದರೆ ಉತ್ತರ ಸಿಕ್ಕಿತು. ಟ್ಯಾಪ್‌ನ ಹಿಂದೆ ಹೂಳು ಗಟ್ಟಿಯಾಗಿ ಕೂತಿದೆ. ಟ್ಯಾಪನ್ನೇ ಪೂರ್ತಿ ಬಿಚ್ಚಿ ಒಂದು ತಂತಿ ತೂರಿಸಿ ನೋಡಿ. ತಂತಿ ಮೆತ್ತಗೆ ಒಳಗೆ ಹೋಗಿ, ತುದಿಗೆ ಕಂದು ಮಣ್ಣು ಮೆತ್ತಿಕೊಂಡು ಬಂದರೆ ಇನ್ನೇನೂ ಪರೀಕ್ಷೆ ಬೇಡ.

ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಸುಲಭ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಬ್ಲಾಕ್‌ನ ಮೈಯನ್ನು ಮುಂದಿನಿಂದ ಹಿಂದಕ್ಕೆ ಅಳೆಯುತ್ತಾ ಹೋಗಿ. ಸೈಲೆನ್ಸರ್ ಮ್ಯಾನಿಫೋಲ್ಡ್‌ನ ಶಾಖ ತಾಗದ ಕಡೆಯಿಂದ ಅಳೆಯಿರಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ನಾಲ್ಕನೇ ಸಿಲಿಂಡರ್ (ಎಲ್ಲಕ್ಕಿಂತ ಹಿಂದಿನದು) ಹತ್ತಿರ ಮಾತ್ರ ಜಾಸ್ತಿ ತೋರಿಸಿದರೆ ಅಲ್ಲಿ ನೀರು ಓಡಾಡುತ್ತಿಲ್ಲ ಅಂತ ಅರ್ಥ.

ಒಂದು ಎಚ್ಚರಿಕೆ. ಇಂಜಿನ್ ಆನ್ ಇದ್ದಾಗ ರೇಡಿಯೇಟರ್‌ನಲ್ಲಿ ಎಡೆಬಿಡದೆ ಗುಳ್ಳೆ ಬರುತ್ತಿದ್ದರೆ, ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ, ಅದು ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಪದರ) ಸಮಸ್ಯೆ. ಅದನ್ನು ಸರಿ ಮಾಡದೆ ಫ್ಲಶ್ ಮಾಡಿ ಪ್ರಯೋಜನ ಇಲ್ಲ.

ಇಷ್ಟೊಂದು ಹೂಳು ಎಲ್ಲಿಂದ ಬರುತ್ತದೆ? ನಾನು ಯಾವಾಗಲೂ ಶುದ್ಧ ನೀರನ್ನೇ ಹಾಕಿದ್ದೇನೆ.

ಬಹುಪಾಲು ಇಂಜಿನ್ನಿನದೇ ಕಬ್ಬಿಣ. ಬರೀ ನೀರು, ಗಾಳಿ, ಶಾಖ ಮೂರೂ ಸೇರಿದರೆ ಎರಕದ ಕಬ್ಬಿಣ ಒಳಗಿನಿಂದ ತುಕ್ಕು ಹಿಡಿಯುತ್ತಲೇ ಇರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ, ನೀರು ಅರ್ಧ ಇಳಿದಿದ್ದರೆ, ಇನ್ನೂ ಜಾಸ್ತಿ.

ಎರಡನೆಯದು ನೀರಿನ ಸುಣ್ಣ. ನೀವು ಶುದ್ಧ ಅಂದುಕೊಂಡ ನೀರು ಬೋರ್‌ವೆಲ್‌ನದ್ದಾಗಿದ್ದರೆ ಅದರಲ್ಲಿ ಸುಣ್ಣದ ಅಂಶ ಇದ್ದೇ ಇರುತ್ತದೆ. ಬಕೆಟ್ಟಿನ ಒಳಗೆ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಇಲ್ಲೂ ಕಟ್ಟುತ್ತದೆ. ಕುದಿಯುವ ಗಾಡಿಗೆ ದಿನಾ ನೀರು ಸೇರಿಸುವವರು ದಿನಾ ಹೊಸ ಸುಣ್ಣ ಸೇರಿಸುತ್ತಿರುತ್ತಾರೆ.

ಮೂರನೆಯದು ಕಾರ್ಖಾನೆಯ ಮರಳು. ಬ್ಲಾಕ್ ಎರಕ ಹೊಯ್ಯುವಾಗ ನೀರಿನ ದಾರಿಯ ಜಾಗಕ್ಕೆ ಮರಳಿನ ಅಚ್ಚು ಇಡುತ್ತಾರೆ. ಎಲ್ಲ ಮರಳೂ ಆಚೆ ಬಂದಿರುವುದಿಲ್ಲ. ಗಾಡಿ ಮಾಡಿದ ದಿನದಿಂದ ಮೂಲೆಯಲ್ಲಿ ಕೂತಿದ್ದು ಈಗ ತುಕ್ಕಿನ ಜೊತೆ ಗಟ್ಟಿಯಾಗಿರುತ್ತದೆ. ಇನ್ನು ಹಿಂದಿನ ಮಾಲೀಕರ ಕೊಡುಗೆ: ಲೀಕ್ ನಿಲ್ಲಿಸಲು ಹಾಕಿದ ಪುಡಿ, ಉದುರಿದ ಗ್ಯಾಸ್ಕೆಟ್ ಗಮ್, ಹಳೆ ಹೋಸ್‌ನ ರಬ್ಬರ್ ಚೂರು.

ಅದು ಹೆಚ್ಚಾಗಿ ಎಲ್ಲಿ ಕೂರುತ್ತದೆ?

ಪಂಪಿನಿಂದ ದೂರ, ಕೆಳಗೆ, ಹಿಂದೆ. ವಾಟರ್ ಪಂಪ್ ಇಂಜಿನ್ನಿನ ಮುಂದಿರುತ್ತದೆ. ನೀರು ಬ್ಲಾಕ್ ಒಳಗೆ ಬಂದು ಮೇಲೆ ಹೆಡ್‌ಗೆ ಏರಿ, ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ಬಾಯಿ ಬಿಡುವ ವಾಲ್ವ್) ದಾಟಿ ರೇಡಿಯೇಟರ್‌ಗೆ ಹೋಗುತ್ತದೆ. ಹಿಂದಿನ ಸಿಲಿಂಡರ್‌ನ ಬುಡದಲ್ಲಿ ಓಟ ತೀರಾ ನಿಧಾನ. ಭಾರದ ಕಣಗಳು ಅಲ್ಲೇ ಇಳಿಯುತ್ತವೆ. ಬುಡದಲ್ಲಿ ಒಂದು ಬೆರಳಿನಷ್ಟು ಕೂತರೆ ಇಂಜಿನ್ ಸಹಿಸಿಕೊಳ್ಳುತ್ತದೆ, ಯಾಕೆಂದರೆ ಶಾಖ ಹುಟ್ಟುವುದು ಮೇಲೆ. ಅರ್ಧ ಸಿಲಿಂಡರ್ ಎತ್ತರ ಮುಟ್ಟಿದಾಗ ಘಾಟಿಯಲ್ಲಿ ಹೀಟ್ ಮೀಟರಿನ ಮುಳ್ಳು ಏರಲು ಶುರು.

ಅಂಗಡಿಯಲ್ಲಿ ಸಿಗುವ ರೇಡಿಯೇಟರ್ ಫ್ಲಶ್ ಬಾಟಲಿ ಸಾಕಲ್ವಾ?

ಇಲ್ಲ. ಈ ಪುಟದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತೇ ಇದು. ಮದ್ದು ಗೋಡೆಗೆ ಅಂಟಿದ ತೆಳು ತುಕ್ಕನ್ನು ಕರಗಿಸುತ್ತದೆ. ಬುಡದಲ್ಲಿ ಕೂತ ಹೂಳನ್ನು ಕರಗಿಸುವುದಿಲ್ಲ, ಯಾಕೆಂದರೆ ಮದ್ದಿನ ನೀರು ಅದರ ಮೇಲ್ಮೈಯನ್ನು ಸವರಿಕೊಂಡು ಹೋಗುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಮರಳಂತೂ ಯಾವ ಮದ್ದಿಗೂ ಕರಗದು. ಹೂಳನ್ನು ಕೈಯಿಂದ ತೆಗೆಯಬೇಕು. ಮದ್ದು ಆಮೇಲೆ.

ಬಾಟಲಿ ಹಾಕಿ ಹತ್ತು ನಿಮಿಷ ಇಂಜಿನ್ ಓಡಿಸಿದಾಗ ಕೆಂಪು ನೀರು ಬರುತ್ತದೆ, ಮನಸ್ಸಿಗೆ ಸಮಾಧಾನ ಆಗುತ್ತದೆ. ಅಷ್ಟೇ. ಕೆಲವೊಮ್ಮೆ ಕೆಟ್ಟದ್ದೂ ಆಗುತ್ತದೆ: ಅರ್ಧ ಸಡಿಲವಾದ ಹಕ್ಕಳೆಗಳು ಹೋಗಿ ರೇಡಿಯೇಟರ್‌ನ ಸಣ್ಣ ಟ್ಯೂಬುಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ಕೈಯಿಂದ ತೆಗೆಯುವುದು ಅಂದರೆ ಒಳಗೆ ಕೈ ಹೋಗುವುದಾದರೂ ಎಲ್ಲಿಂದ?

ವೆಲ್ಚ್ ಪ್ಲಗ್ ತೂತುಗಳಿಂದ. ಬ್ಲಾಕ್‌ನ ಪಕ್ಕದಲ್ಲಿ ದುಂಡಗಿನ ತಗಡಿನ ಬಿಲ್ಲೆಗಳು ಕಾಣುತ್ತವಲ್ಲ, ಅವೇ. ಎರಕದ ಮರಳು ಆಚೆ ತೆಗೆಯಲು ಬಿಟ್ಟ ತೂತುಗಳು ಅವು, ಆಮೇಲೆ ಬಿಲ್ಲೆ ಬಡಿದು ಮುಚ್ಚಿರುತ್ತಾರೆ. ಕೆಲವು ಮ್ಯಾನಿಫೋಲ್ಡ್ ಹಿಂದೆ ಅಡಗಿರುತ್ತವೆ, ಕೆಲವು ಇಂಜಿನ್‌ಗಳಲ್ಲಿ ಗೇರ್‌ಬಾಕ್ಸ್ ಕಡೆಗೂ ಇರುತ್ತವೆ. ಮ್ಯಾನಿಫೋಲ್ಡ್ ಬಿಚ್ಚಬೇಕಾಗಿ ಬಂದರೆ ಹಿಂದಿನ ದಿನವೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಸ್ಟಡ್ ಮುರಿದರೆ ಕೆಲಸ ಎರಡಾಗುತ್ತದೆ.

ಮೊದಲು ನೀರು ಇಳಿಸಿ. ಬ್ಯಾಟರಿ ವೈರ್ ತೆಗೆಯಿರಿ. ಡಿಸ್ಟ್ರಿಬ್ಯೂಟರ್, ಡೈನಮೋ, ಸ್ಟಾರ್ಟರ್ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ. ಪ್ಲಗ್‌ನ ಒಂದು ಅಂಚಿಗೆ ಮೊಂಡು ಪಂಚ್ ಇಟ್ಟು ಸುತ್ತಿಗೆಯಿಂದ ಬಡಿಯಿರಿ. ಬಟ್ಟಲಿನ ಆಕಾರದ ಪ್ಲಗ್ ಆದರೆ ಆ ಅಂಚು ಒಳಗೆ ಹೋಗಿ ಎದುರಿನ ಅಂಚು ಆಚೆ ತಿರುಗುತ್ತದೆ. ಆ ಅಂಚನ್ನು ಕಟಿಂಗ್ ಪ್ಲೇಯರ್‌ನಲ್ಲಿ ಗಟ್ಟಿ ಹಿಡಿದು ಎಳೆದರೆ ಬರುತ್ತದೆ. ಚಪ್ಪಟೆ ಬಿಲ್ಲೆಯಾದರೆ ನಡುವೆ ಸಣ್ಣ ತೂತು ಹಾಕಿ ಸ್ಕ್ರೂ ಡ್ರೈವರ್‌ನಿಂದ ಮೀಟಬೇಕು. ಡ್ರಿಲ್ ಬಿಟ್ ಜಾಸ್ತಿ ಒಳಗೆ ಹೋಗದಂತೆ ನೋಡಿಕೊಳ್ಳಿ. ಸ್ವಲ್ಪ ಹಿಂದೆಯೇ ಸಿಲಿಂಡರ್ ಗೋಡೆ ಇದೆ, ಅದಕ್ಕೆ ತೂತಾದರೆ ಬ್ಲಾಕ್ ಹೋಯಿತು. ಪ್ಲಗ್ ಪೂರ್ತಿ ಒಳಗೆ ಬಿದ್ದುಬಿಟ್ಟರೆ ಗಾಬರಿ ಬೇಡ, ಆದರೆ ಅಲ್ಲೇ ಬಿಡಬೇಡಿ. ಮ್ಯಾಗ್ನೆಟ್ ಅಥವಾ ಉದ್ದ ಮೂತಿಯ ಪ್ಲೇಯರ್‌ನಿಂದ ತಿರುಗಿಸಿ ತಿರುಗಿಸಿ ಆಚೆ ತೆಗೆಯಿರಿ.

ಪ್ಲಗ್ ತೆಗೆದ ಮೇಲೂ ನೀರು ಬರಲಿಲ್ಲ. ಒಳಗೆ ಏನೂ ಇಲ್ವಾ?

ಇದೆ, ಜಾಸ್ತಿಯೇ ಇದೆ. ಹಿಂದಿನ ಪ್ಲಗ್ ತೆಗೆದಾಗ ತೂತಿನ ಬಾಯಿಗೆ ಕಪ್ಪು ಮಿಶ್ರಿತ ಕಂದು ಗೋಡೆ ಕಾಣುತ್ತದೆ. ಬ್ಲಾಕ್‌ನ ಕಬ್ಬಿಣವೇ ಅಂದುಕೊಳ್ಳುವಷ್ಟು ಗಟ್ಟಿ. ಸ್ಕ್ರೂ ಡ್ರೈವರ್‌ನಿಂದ ಕೆರೆದರೆ ಮೊದಲು ಹಕ್ಕಳೆ ಉದುರುತ್ತದೆ. ಅದರ ಹಿಂದೆ ಮೆತ್ತಗಿನದು ಸಿಗುತ್ತದೆ, ಫಿಲ್ಟರ್ ಕಾಫಿಯ ಗಸಿಯ ಹಾಗೆ ಒದ್ದೆಯಾಗಿ, ಹರಳು ಹರಳಾಗಿ. ಬೆರಳಲ್ಲಿ ತಿಕ್ಕಿದರೆ ಮರಳು ಕೈಗೆ ತಾಗುತ್ತದೆ. ಇನ್ನಷ್ಟು ಒಳಗೆ ಚುಚ್ಚಿದಾಗ ಒಮ್ಮೆಲೇ ಹಿಂದೆ ಕಟ್ಟಿಕೊಂಡಿದ್ದ ನೀರು ನುಗ್ಗುತ್ತದೆ. ಮುಖ ತೂತಿನ ನೇರಕ್ಕೆ ಇಡಬೇಡಿ.

ಇದನ್ನು ತೆಗೆಯಲು ದುಬಾರಿ ಸಾಮಾನು ಏನೂ ಬೇಕಿಲ್ಲ. ಹಳೆ ಸ್ಕ್ರೂ ಡ್ರೈವರ್, ತುದಿ ಬಗ್ಗಿಸಿದ ವೆಲ್ಡಿಂಗ್ ರಾಡ್, ಸೈಕಲ್ ಸ್ಪೋಕ್, ಸ್ಕೂಟರ್ ಕ್ಲಚ್ ಕೇಬಲ್ಲಿನ ಒಳತಂತಿ. ಕೇಬಲ್ಲಿನ ತುದಿಯ ಎಳೆಗಳನ್ನು ಬಿಡಿಸಿ ಬ್ರಷ್ ಮಾಡಿ, ಇನ್ನೊಂದು ತುದಿಯನ್ನು ಡ್ರಿಲ್ ಮಷೀನಿಗೆ ಕಟ್ಟಿ ನಿಧಾನಕ್ಕೆ ತಿರುಗಿಸಿದರೆ ಎರಡು ಸಿಲಿಂಡರ್‌ಗಳ ನಡುವಿನ ಸಂದಿಗೂ ಹೋಗುತ್ತದೆ. ಕನ್ನಡಕ ಹಾಕಿಕೊಳ್ಳಿ, ತಂತಿ ತುಂಡಾಗಿ ಹಾರುತ್ತದೆ.

ಕೆರೆಯಿರಿ, ತೊಳೆಯಿರಿ, ಮತ್ತೆ ಕೆರೆಯಿರಿ. ಒಂದು ತೂತಿಗೆ ನೀರು ಬಿಟ್ಟು ಪಕ್ಕದ ತೂತಿನಿಂದ ಬರುವುದನ್ನು ನೋಡಿ. ನೀರು ಹೊಡೆಯುವುದನ್ನು ನಿಲ್ಲಿಸಿ, ಒದ್ದೆ ಕಸ ಎಳೆಯುವ ವ್ಯಾಕ್ಯೂಮ್ ಇದ್ದರೆ ಬುಡದ ಮರಳನ್ನು ಎಳೆಯಿರಿ. ಕಾರ್ ತೊಳೆಯುವ ಪ್ರೆಷರ್ ವಾಷರ್ ತುಂಬಾ ಸಹಾಯ ಮಾಡುತ್ತದೆ, ಆದರೆ ಕೆರೆದ ಮೇಲೆ. ಗಟ್ಟಿ ಹೂಳಿನ ಮೇಲೆ ಸುಮ್ನೆ ನೀರು ಹೊಡೆದರೆ ವಾಪಸ್ ಮೈಮೇಲೆ ಬರುತ್ತದೆ. ಬಕೆಟ್ಟಿನಲ್ಲಿ ಹಳೆ ಬಟ್ಟೆ ಹಾಕಿ ಸೋಸಿ, ಎಷ್ಟು ಬಂತು ಅಂತ ನೋಡುತ್ತಾ ಹೋದರೆ ಕೆಲಸ ಮುಗಿಯುತ್ತಿರುವುದು ತಿಳಿಯುತ್ತದೆ.

ಮೊಬೈಲಿಗೆ ಸಿಕ್ಕಿಸುವ ತೆಳು ಕ್ಯಾಮೆರಾ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಈ ಕೆಲಸಕ್ಕೆ ಅದೊಂದನ್ನು ಕೊಳ್ಳಿ ಅನ್ನುತ್ತೇನೆ. ಸಿಲಿಂಡರ್‌ನ ದುಂಡಗಿನ ಹೊರಮೈ ಬುಡದವರೆಗೂ ಕಾಣಬೇಕು. ಕಾಣಲಿಲ್ಲ ಅಂದರೆ ಇನ್ನೂ ಇದೆ.

ಹೋಸ್‌ನಿಂದ ನೀರು ಬಿಡುವಾಗ ಯಾವ ಕಡೆಯಿಂದ ಬಿಡಬೇಕು?

ಮಾಮೂಲು ಓಟಕ್ಕೆ ಎದುರು. ಥರ್ಮೋಸ್ಟಾಟ್ ತೆಗೆದಿಡಿ. ಹೆಡ್‌ನ ಮೇಲಿನ ಬಾಯಿಂದ ನೀರು ಬಿಟ್ಟು ಬ್ಲಾಕ್‌ನ ಕೆಳಗಿನ ಹೋಸ್ ಮತ್ತು ಡ್ರೈನ್ ತೂತಿನಿಂದ ಆಚೆ ಬರಲಿ. ಎರಡೂ ಹೋಸ್‌ಗಳನ್ನು ರೇಡಿಯೇಟರ್‌ನಿಂದ ಬಿಚ್ಚಿರಬೇಕು, ಇಲ್ಲದಿದ್ದರೆ ಬ್ಲಾಕ್‌ನ ಕಸವೆಲ್ಲ ರೇಡಿಯೇಟರ್ ಸೇರುತ್ತದೆ. ಹೀಟರ್ ಇದ್ದರೆ ಅದರ ಪೈಪುಗಳನ್ನು ಬಿಚ್ಚಿ ಬೇರೆಯಾಗಿ ತೊಳೆಯಿರಿ. ನೀರಿನ ಜೊತೆ ಆಗಾಗ ಕಂಪ್ರೆಸರ್ ಗಾಳಿ ಬಿಟ್ಟರೆ ಅಲುಗಾಡಿ ಚೆನ್ನಾಗಿ ಬರುತ್ತದೆ. ಗಾಳಿ ಮೆಲ್ಲಗಿರಲಿ, ಪಂಕ್ಚರ್ ಅಂಗಡಿಯ ಪೂರ್ತಿ ಜೋರು ಬೇಡ.

ನಿಂಬೆ ಉಪ್ಪು ಹಾಕಬಹುದಾ? ಎಷ್ಟು?

ಹಾಕಬಹುದು. ಕೈಯಿಂದ ಹೂಳು ತೆಗೆದಾದ ಮೇಲೆ ಉಳಿದ ತುಕ್ಕಿಗೆ, ಸುಣ್ಣಕ್ಕೆ ನನ್ನ ಆಯ್ಕೆ ಇದೇ. ಸಿಟ್ರಿಕ್ ಆ್ಯಸಿಡ್ ಅಂತ ದಿನಸಿ ಅಂಗಡಿಯಲ್ಲಿ, ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ.

ಮೊದಲು ನಿಮ್ಮ ಇಂಜಿನ್ ಯಾವುದರಿಂದ ಮಾಡಿದ್ದು ಅಂತ ತಿಳಿದುಕೊಳ್ಳಿ. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ನಿನಲ್ಲಿ ಬ್ಲಾಕ್, ಹೆಡ್ ಎರಡೂ ಎರಕದ ಕಬ್ಬಿಣ. ಪದ್ಮಿನಿಯ 1089 ಸಿಸಿ ಇಂಜಿನ್ನಿನಲ್ಲಿ ಬ್ಲಾಕ್ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಮಾರುತಿ 800ರ ಹೆಡ್ ಕೂಡ ಅಲ್ಯೂಮಿನಿಯಂ. ಆ್ಯಸಿಡ್ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ.

ಪೂರ್ತಿ ಕಬ್ಬಿಣದ ಇಂಜಿನ್ನಿಗೆ ಲೀಟರ್ ನೀರಿಗೆ ಸುಮಾರು 50 ಗ್ರಾಂ ಸಾಕು. ಅಲ್ಯೂಮಿನಿಯಂ ಹೆಡ್ ಇದ್ದರೆ ಅದರ ಅರ್ಧ ಹಾಕಿ, ಸಮಯವನ್ನೂ ಅರ್ಧ ಮಾಡಿ. ಒಳಗೆ ಎಣ್ಣೆ ಜಿಡ್ಡು ಇದ್ದರೆ ಮೊದಲು ನೊರೆ ಕಡಿಮೆ ಬರುವ ಸೋಪಿನ ನೀರಲ್ಲಿ ಒಂದು ಸುತ್ತು ತೊಳೆಯಿರಿ. ಜಿಡ್ಡಿನ ಮೇಲೆ ಆ್ಯಸಿಡ್ ಕೆಲಸ ಮಾಡುವುದಿಲ್ಲ. ಬಿಸಿ ನೀರಲ್ಲಿ ಪುಡಿಯನ್ನು ಪೂರ್ತಿ ಕರಗಿಸಿ, ಸೋಸಿ, ಆಮೇಲೆ ಹಾಕಿ. ಥರ್ಮೋಸ್ಟಾಟ್ ತೆಗೆದಿಟ್ಟೇ ಇಂಜಿನ್ ಆನ್ ಮಾಡಿ. ಸುಣ್ಣ ಇದ್ದರೆ ಗ್ಯಾಸ್ ಹುಟ್ಟುತ್ತದೆ, ನೊರೆ ಉಕ್ಕುತ್ತದೆ. ಹಾಗಾಗಿ ಮುಚ್ಚಳವನ್ನು ಬಿಗಿ ಮಾಡಬೇಡಿ. ಇಂಜಿನ್ ಬಿಸಿಯಾದ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಆಫ್ ಮಾಡಿ, ಕೈ ತಾಳುವಷ್ಟು ಆರಿದ ಮೇಲೆ ಇಳಿಸಿ. ಹಸಿರು ಮಿಶ್ರಿತ ಹಳದಿ ಅಥವಾ ಕಪ್ಪು ನೀರು ಬರುತ್ತದೆ. ತುಂಬಾ ಕೊಳೆಯಿದ್ದರೆ ಒಂದೇ ಸಲ ಗಟ್ಟಿ ಹಾಕುವ ಬದಲು ಹೊಸ ನೀರಲ್ಲಿ ಇನ್ನೊಂದು ಸಲ ಮಾಡಿ.

ರಾತ್ರಿಯಿಡೀ ಬಿಡಬೇಡಿ. ತುಕ್ಕು ಮುಗಿದ ಮೇಲೆ ಆ್ಯಸಿಡ್ ಕಬ್ಬಿಣಕ್ಕೇ ಬಾಯಿ ಹಾಕುತ್ತದೆ.

ಇಳಿಸಿದ ತಕ್ಷಣ ಧಾರಾಳ ನೀರಲ್ಲಿ ತೊಳೆದು, ಒಂದು ಸುತ್ತು ಅಡುಗೆ ಸೋಡಾ ನೀರು ತುಂಬಿ, ಲೀಟರಿಗೆ ಒಂದು ಚಮಚ ಸಾಕು, ಐದು ಹತ್ತು ನಿಮಿಷ ಓಡಿಸಿ. ಇದು ಸಂದಿಯಲ್ಲಿ ಉಳಿದ ಆ್ಯಸಿಡ್ಡನ್ನು ಕೊಲ್ಲುತ್ತದೆ. ಮತ್ತೆ ಬರೀ ನೀರು, ತಿಳಿಯಾಗಿ ಬರುವ ತನಕ. ಸುಣ್ಣ ಜಾಸ್ತಿ ಇದ್ದ ಇಂಜಿನ್ನಿನಲ್ಲಿ ಬಿಳಿ ಪುಡಿ ಸ್ವಲ್ಪ ಹೊತ್ತು ಬರುತ್ತಲೇ ಇರುತ್ತದೆ, ಅದೂ ಹೋಗಲಿ. ಅದೇ ದಿನ ಕೂಲಂಟ್ ತುಂಬಿಬಿಡಿ. ಆ್ಯಸಿಡ್ ತೊಳೆದ ಕಬ್ಬಿಣ ಬರೀ ಒದ್ದೆಯಾಗಿ ನಿಂತರೆ ಬೆಳಗಾಗುವಷ್ಟರಲ್ಲಿ ಮತ್ತೆ ಕೆಂಪಾಗಿರುತ್ತದೆ.

ಟಾಯ್ಲೆಟ್ ಕ್ಲೀನರ್? ವಿನೆಗರ್? ಕೋಲಾ?

ಟಾಯ್ಲೆಟ್ ಕ್ಲೀನರ್ ಖಂಡಿತಾ ಬೇಡ. ಅದರಲ್ಲಿ ಹೈಡ್ರೋಕ್ಲೋರಿಕ್ ಆ್ಯಸಿಡ್ ಇರುತ್ತದೆ. ತುಕ್ಕಿನ ಜೊತೆ ಕಬ್ಬಿಣ, ಅಲ್ಯೂಮಿನಿಯಂ, ರೇಡಿಯೇಟರ್‌ನ ಬೆಸುಗೆ ಎಲ್ಲವನ್ನೂ ತಿನ್ನುತ್ತದೆ. ಸಂದಿಯಲ್ಲಿ ಉಳಿದ ಕ್ಲೋರೈಡ್ ಆಮೇಲೂ ತುಕ್ಕು ಹಿಡಿಸುತ್ತದೆ. ವಿನೆಗರ್ ಕೆಲಸ ಮಾಡುತ್ತದೆ, ಆದರೆ ನಿಧಾನ, ಇಂಜಿನ್ ತುಂಬಲು ಬಾಟಲಿಗಟ್ಟಲೆ ಬೇಕು, ನಿಂಬೆ ಉಪ್ಪಿಗಿಂತ ದುಬಾರಿ. ಕೋಲಾ ಕುಡಿಯಲು ಇಟ್ಟುಕೊಳ್ಳಿ.

ಕಾಸ್ಟಿಕ್ ಸೋಡಾ ಹಾಕಿದರೆ ಎಲ್ಲ ಕಿತ್ತುಕೊಂಡು ಬರುತ್ತದೆ ಅಂತಾರಲ್ಲ?

ಅದು ಬೋರಿಂಗ್ ಶಾಪ್‌ನವರ ಕೆಲಸ. ಪೂರ್ತಿ ಬಿಚ್ಚಿದ ಕಬ್ಬಿಣದ ಬ್ಲಾಕನ್ನು ಬಿಸಿ ಕಾಸ್ಟಿಕ್ ತೊಟ್ಟಿಯಲ್ಲಿ ಅದ್ದುತ್ತಾರೆ. ಎಣ್ಣೆ, ಪೇಂಟ್, ಹಳೆ ಗಮ್ ಎಲ್ಲ ಹೋಗುತ್ತದೆ. ತುಕ್ಕನ್ನು ಮಾತ್ರ ಅದು ಅಷ್ಟಾಗಿ ಕರಗಿಸುವುದಿಲ್ಲ. ಅಲ್ಯೂಮಿನಿಯಂ ಹೆಡ್ಡನ್ನು ಅದರಲ್ಲಿ ಹಾಕಿದರೆ ಹೆಡ್ಡೇ ಕರಗುತ್ತದೆ, ಜೊತೆಗೆ ಬೆಂಕಿ ಹತ್ತುವ ಹೈಡ್ರೋಜನ್ ಗ್ಯಾಸ್ ಬರುತ್ತದೆ. ಕ್ಯಾಮ್ ಬೇರಿಂಗ್‌ಗಳೂ ಹಾಳಾಗಬಹುದು, ಅವನ್ನು ತೆಗೆದೇ ಕೊಡಬೇಕು. ಮನೆಯಲ್ಲಿ, ಗಾಡಿಯಲ್ಲೇ ಇರುವ ಇಂಜಿನ್ನಿಗೆ ಕಾಸ್ಟಿಕ್ ಬೇಡ.

ಕಾಕಂಬಿ, ಎಲೆಕ್ಟ್ರೋಲಿಸಿಸ್ (ನೀರಲ್ಲಿ ಕರೆಂಟ್ ಹರಿಸಿ ತುಕ್ಕು ಬಿಡಿಸುವುದು) ಅಂತ ವಿಡಿಯೋಗಳಲ್ಲಿ ತೋರಿಸುತ್ತಾರೆ. ನಿಜವಾ?

ನಿಜ, ಬಿಚ್ಚಿದ ಬ್ಲಾಕ್‌ಗೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಒಂದಕ್ಕೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ, ಬ್ಲಾಕನ್ನು ವಾರಗಟ್ಟಲೆ ಮುಳುಗಿಸಿಟ್ಟರೆ ತುಕ್ಕು ಬಿಡುತ್ತದೆ, ಒಳ್ಳೆ ಕಬ್ಬಿಣಕ್ಕೆ ತೊಂದರೆ ಕಡಿಮೆ. ವಾಸನೆ ತಡೆಯಬೇಕು, ನೊಣ ತಡೆಯಬೇಕು. ಅಲ್ಯೂಮಿನಿಯಂ ಹಾಕುವಂತಿಲ್ಲ. ಇಂಜಿನ್ ಇಳಿಸಿ ಆತುರ ಇಲ್ಲದವರಿಗೆ ಚೆನ್ನಾಗಿದೆ.

ಎಲೆಕ್ಟ್ರೋಲಿಸಿಸ್‌ಗೆ ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್, ಒಂದು ಕಬ್ಬಿಣದ ತುಂಡು ಸಾಕು. ಆದರೆ ಕರೆಂಟ್ ಹೆಚ್ಚಾಗಿ ನೇರ ಎದುರಿಗಿರುವ ಮೈಯನ್ನೇ ಶುಚಿ ಮಾಡುತ್ತದೆ. ನೀರಿನ ದಾರಿಯ ಮೂಲೆ ಮುಡುಕಿಗೆ ಅದು ಮುಟ್ಟುವುದು ಕಷ್ಟ. ಪ್ಲಸ್ ಕಡೆಗೆ ಸ್ಟೀಲ್ ಚಮಚ, ತಟ್ಟೆ ಕಟ್ಟಬೇಡಿ. ಸ್ಟೇನ್‌ಲೆಸ್ ಸ್ಟೀಲಿನ ಕ್ರೋಮಿಯಂ ನೀರಿಗೆ ಬಿಟ್ಟುಕೊಂಡರೆ ಅದು ವಿಷ. ಗಾಳಿಯಾಡುವ ಕಡೆ ಮಾಡಿ, ಇಲ್ಲೂ ಹೈಡ್ರೋಜನ್ ಹುಟ್ಟುತ್ತದೆ.

ಬ್ಲಾಕ್ ಶುಚಿಯಾಯಿತು. ರೇಡಿಯೇಟರ್ ಏನು ಮಾಡಲಿ?

ಇಳಿಸಿ, ತಲೆಕೆಳಗೆ ಮಾಡಿ, ಕೆಳಗಿನ ಬಾಯಿಂದ ನೀರು ಬಿಡಿ. ಆಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನ ಬಾಯಿಗೆ ಒಂದು ಬಕೆಟ್ ನೀರು ಬೇಗ ಸುರಿಯಿರಿ. ಸುರಿದಷ್ಟೇ ಬೇಗ ಕೆಳಗೆ ಇಳಿಯಬೇಕು. ಮೇಲೆ ತುಂಬಿ ಉಕ್ಕಿದರೆ ಟ್ಯೂಬ್‌ಗಳು ಕಟ್ಟಿವೆ.

ಹಳೆ ತಾಮ್ರ ಹಿತ್ತಾಳೆಯ ರೇಡಿಯೇಟರ್‌ನ ಒಳ್ಳೆ ಗುಣ ಅಂದರೆ ರಿಪೇರಿ ಆಗುತ್ತದೆ. ರೇಡಿಯೇಟರ್ ಅಂಗಡಿಯವರು ಮೇಲಿನ ಕೆಳಗಿನ ಟ್ಯಾಂಕ್‌ಗಳ ಬೆಸುಗೆ ಬಿಡಿಸಿ, ಪ್ರತಿ ಟ್ಯೂಬಿಗೂ ಚಪ್ಪಟೆ ಸಲಾಕೆ ತೂರಿಸಿ ಕಸ ತಳ್ಳಿ, ಮತ್ತೆ ಬೆಸುಗೆ ಹಾಕುತ್ತಾರೆ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಹಳೆ ಗಾಡಿಯ ಕೆಲಸ, ಸಾಮಾನು ಕೇಳಿ ನೋಡಬಹುದು. ಮಾಡುವಾಗ ಎದುರಿಗೆ ನಿಲ್ಲಿ. ಆಗದ ಟ್ಯೂಬುಗಳನ್ನು ಸುಮ್ನೆ ಬೆಸುಗೆ ಹಾಕಿ ಮುಚ್ಚಿಬಿಡುವ ಅಭ್ಯಾಸ ಕೆಲವರಿಗೆ ಇದೆ. ಒಂದೆರಡಾದರೆ ಪರವಾಗಿಲ್ಲ, ಜಾಸ್ತಿಯಾದರೆ ಹೊಸ ಕೋರ್ ಹಾಕಿಸುವುದೇ ಸರಿ.

ದಾರಿಯಲ್ಲಿ ಲೀಕ್ ಆದಾಗ ಡ್ರೈವರ್ ಅರಿಶಿನ ಹಾಕಿದ್ದರು. ಅದರಿಂದ ತೊಂದರೆ ಇದೆಯಾ?

ಲಾರಿ, ಟ್ಯಾಕ್ಸಿ ಡ್ರೈವರ್‌ಗಳ ಹಳೆ ಉಪಾಯ ಇದು. ಪುಡಿ ನೀರಲ್ಲಿ ಉಬ್ಬಿ ಸಣ್ಣ ತೂತಿಗೆ ಹೋಗಿ ಕೂರುತ್ತದೆ. ಊರು ಮುಟ್ಟಿಸುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅರಿಶಿನಕ್ಕೆ ಲೀಕ್ ಆಗುವ ತೂತು ಯಾವುದು, ಟ್ಯೂಬ್ ಯಾವುದು ಅಂತ ಗೊತ್ತಾಗಲ್ಲವಲ್ಲ. ಮಿಕ್ಕಿದ್ದೆಲ್ಲ ಹೂಳಿನ ಜೊತೆ ಸೇರುತ್ತದೆ. ಊರು ಮುಟ್ಟಿದ ಮೇಲೆ ಬೆಸುಗೆ ಹಾಕಿಸಿ, ಎಲ್ಲ ನೀರು ಇಳಿಸಿ ತೊಳೆಯಿರಿ. ಅಂಗಡಿಯ ಲೀಕ್ ಸ್ಟಾಪ್ ಪುಡಿಗೂ ಇದೇ ಮಾತು.

ಶುಚಿ ಮಾಡುವ ಮುಂಚೆ ಲೀಕ್ ಇರಲಿಲ್ಲ, ಈಗ ಸೋರುತ್ತಿದೆ. ಶುಚಿ ಮಾಡಿದ್ದೇ ತಪ್ಪಾಯಿತಾ?

ಇಲ್ಲ. ಪ್ಲಗ್ಗೋ ರೇಡಿಯೇಟರೋ ಮೊದಲೇ ತೂತಾಗಿತ್ತು, ತುಕ್ಕು ಅದನ್ನು ಮುಚ್ಚಿಕೊಂಡಿತ್ತು. ಮನೆ ಮುಂದೆ ಸೋರಿದ್ದು ಒಳ್ಳೆಯದೇ. ಶಿರಾಡಿ ಘಾಟಿಯ ಮಧ್ಯೆ ಸೋರಿದ್ದರೆ? ಹಾಗಾಗಿಯೇ ಒಂದು ಪ್ಲಗ್ ತೆಗೆದರೆ ಕೈಗೆ ಸಿಗುವ ಎಲ್ಲವನ್ನೂ ಬದಲಾಯಿಸಿ. ವಾಟರ್ ಪಂಪ್‌ನ ಸಣ್ಣ ತೂತಿನಿಂದ ಹನಿ ಬೀಳುತ್ತಿದ್ದರೆ ಅದರ ಸೀಲ್ ಹೋಗಿದೆ. ಹೋಸ್‌ಗಳನ್ನು ಹಿಸುಕಿ ನೋಡಿ, ಮೆತ್ತಗಾಗಿದ್ದರೆ ಅಥವಾ ಒಳಗೆ ಬಿರುಕಿದ್ದರೆ ಹೊಸದು ಹಾಕಿ.

ಹೊಸ ವೆಲ್ಚ್ ಪ್ಲಗ್ ಹಿತ್ತಾಳೆಯದೋ ಉಕ್ಕಿನದೋ?

ಸಿಕ್ಕರೆ ಹಿತ್ತಾಳೆ. ತುಕ್ಕು ಹಿಡಿಯುವುದಿಲ್ಲ. ಅಳತೆಯನ್ನು ವರ್ನಿಯರ್‌ನಲ್ಲಿ ನೋಡಿಯೇ ತನ್ನಿ, ಕಣ್ಣಂದಾಜು ಬೇಡ. ತೂತಿನ ಅಂಚನ್ನು ಎಮರಿ ಪೇಪರ್‌ನಿಂದ ಹೊಳೆಯುವಷ್ಟು ತಿಕ್ಕಿ, ತೆಳುವಾಗಿ ಗ್ಯಾಸ್ಕೆಟ್ ಶೆಲ್ಲಾಕ್ ಸವರಿ. ಬಟ್ಟಲು ಪ್ಲಗ್ಗನ್ನು ಅದಕ್ಕೆ ಹೊಂದುವ ಸಾಕೆಟ್ ಇಟ್ಟು ನೆಟ್ಟಗೆ ಬಡಿಯಿರಿ. ಚಪ್ಪಟೆ ಬಿಲ್ಲೆಯಾದರೆ ಉಬ್ಬು ಆಚೆ ಮುಖ ಮಾಡಿ ಕೂರಿಸಿ, ನಡುವೆ ಒಂದು ಗಟ್ಟಿ ಏಟು ಕೊಡಿ. ಉಬ್ಬು ಚಪ್ಪಟೆಯಾಗಿ ಅಂಚು ಹಿಗ್ಗಿ ಹಿಡಿದುಕೊಳ್ಳುತ್ತದೆ. ಗುಳಿ ಬೀಳುವಷ್ಟು ಬಡಿದರೆ ಮತ್ತೆ ಸಡಿಲ.

ಮೆಕ್ಯಾನಿಕ್ ಅಣ್ಣ ಥರ್ಮೋಸ್ಟಾಟ್ ಬೇಡ, ತೆಗೆದುಬಿಡೋಣ ಅಂತಾರೆ.

ನಮ್ಮ ಕಡೆ ಸೆಕೆ ಜಾಸ್ತಿ, ಬೇಕಿಲ್ಲ ಅನ್ನುವುದು ಹಳೆ ವಾದ. ತೆಗೆದರೆ ಹೀಟ್ ಆಗುವುದು ಸ್ವಲ್ಪ ಕಾಲ ಕಡಿಮೆಯಾದಂತೆ ಕಾಣುತ್ತದೆ, ಯಾಕೆಂದರೆ ಹೂಳಿನ ಸಮಸ್ಯೆಯನ್ನು ಅದು ಮರೆಮಾಡುತ್ತದೆ. ಬೆಳಗಿನ ಹೊತ್ತು ಇಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಸವೆಯುತ್ತದೆ. ಬೈಪಾಸ್ ದಾರಿ ಇರುವ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಒಂದಿಷ್ಟು ನೀರು ರೇಡಿಯೇಟರ್‌ಗೆ ಹೋಗದೆ ಒಳಗೇ ಸುತ್ತುತ್ತದೆ, ಆಗ ಹೀಟ್ ಇನ್ನೂ ಜಾಸ್ತಿ. ಹಾಳಾಗಿದೆಯಾ ಅಂತ ನೋಡಲು ಪಾತ್ರೆಯಲ್ಲಿ ನೀರಿಟ್ಟು ಕಾಯಿಸಿ. ಅದರ ಮೇಲೆ ಬರೆದ ಶಾಖಕ್ಕೆ, ಸಾಮಾನ್ಯವಾಗಿ 82 ಡಿಗ್ರಿ ಆಸುಪಾಸು, ಬಾಯಿ ಬಿಡಬೇಕು. ಬಿಡದಿದ್ದರೆ ಹೊಸದು ಹಾಕಿ.

ಇನ್ನು ಮುಂದೆ ಯಾವ ನೀರು ಹಾಕಲಿ? ಕಾವೇರಿ ನೀರು ಆಗುತ್ತಾ?

ಡಿಸ್ಟಿಲ್ಡ್ ನೀರು, ಅಂದರೆ ಬ್ಯಾಟರಿಗೆ ಹಾಕುವ ನೀರು. ಬಂಕ್‌ನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಕ್ಯಾನ್ ಸಿಗುತ್ತದೆ. ಕಾವೇರಿ ನೀರು ಬೋರ್‌ವೆಲ್‌ಗಿಂತ ಎಷ್ಟೋ ಮೆತ್ತಗಿದೆ, ತೊಳೆಯಲು ಧಾರಾಳವಾಗಿ ಬಳಸಿ, ಆದರೆ ತುಂಬಿಡಲು ಬೇಡ. ಕುಡಿಯುವ ನೀರಿಗೆ ಭಾರತೀಯ ಮಾನಕ ಗಡಸುತನವನ್ನು ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಲಿ ಅನ್ನುತ್ತದೆ, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪುತ್ತದೆ. ಮನುಷ್ಯ ಕುಡಿದು ಬದುಕಬಹುದಾದ ನೀರು ಇಂಜಿನ್ನಿಗೆ ಒಳ್ಳೆಯದಾಗಿರಬೇಕು ಅಂತೇನಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬೋರ್‌ವೆಲ್ ನೀರು ಹಾಕುವವರು ಇದನ್ನು ಗಮನಿಸಿ. ಮನೆಯ ಸಾಫ್ಟ್‌ನರ್ ನೀರೂ ಬೇಡ, ಸುಣ್ಣ ಹೋಗಿ ಅದರ ಜಾಗಕ್ಕೆ ಸೋಡಿಯಂ ಬಂದಿರುತ್ತದೆ ಅಷ್ಟೇ. ದಾರಿಯಲ್ಲಿ ತುರ್ತಾದರೆ ಆರ್‌ಒ ನೀರು ಹಾಕಿ ಮನೆ ಸೇರಿಕೊಳ್ಳಿ.

ಕರ್ನಾಟಕದಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಕೂಲಂಟ್ ಯಾಕೆ?

ತುಕ್ಕು ತಡೆಯಲು. ಕೂಲಂಟ್‌ನಲ್ಲಿರುವ ಮದ್ದು ಕಬ್ಬಿಣ, ತಾಮ್ರ, ಬೆಸುಗೆಯ ಮೇಲೆ ರಕ್ಷಣೆಯ ಪದರ ಕಟ್ಟುತ್ತದೆ. ಕುದಿಯುವ ಮಟ್ಟವೂ ಏರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ರಬ್ಬರ್ ಹೋಗಿ ಒತ್ತಡ ನಿಲ್ಲದ ಗಾಡಿಗೆ ಸಿಗ್ನಲ್‌ನಲ್ಲಿ ಉಕ್ಕಲು ಇನ್ನೇನು ಬೇಕು? 7 ಪಿಎಸ್‌ಐ (ಒತ್ತಡದ ಅಳತೆ) ಮುಚ್ಚಳ ಸರಿಯಿದ್ದರೆ ಅದೊಂದರಿಂದಲೇ ಹತ್ತು ಡಿಗ್ರಿಗಿಂತ ಜಾಸ್ತಿ ಅವಕಾಶ ಸಿಗುತ್ತದೆ. ಆದರೆ ಗಾಡಿಗೆ ಹೇಳಿದ್ದಕ್ಕಿಂತ ಜಾಸ್ತಿ ಒತ್ತಡದ ಮುಚ್ಚಳ ಹಾಕಿದರೆ ಹಳೆ ರೇಡಿಯೇಟರ್‌ನ ಬೆಸುಗೆ ಬಿಡುತ್ತದೆ.

ಹಳೆ ಗಾಡಿಗೆ ಹಳೆ ರೀತಿಯ ಕೂಲಂಟ್ ಒಳ್ಳೆಯದು, ತಾಮ್ರ ಹಿತ್ತಾಳೆ ರೇಡಿಯೇಟರ್‌ಗೆ ಆಗುತ್ತದೆ ಅಂತ ಕ್ಯಾನ್ ಮೇಲೆ ಬರೆದಿರುವುದು. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಯಾವ ಕಾನೂನೂ ಇಲ್ಲ. ನಮ್ಮ ಹವೆಗೆ ಮೂರರಲ್ಲಿ ಒಂದು ಪಾಲು ಸಾಕು. ಶಾಖ ಹೊರುವುದರಲ್ಲಿ ನೀರೇ ಮೇಲು, ಹಾಗಾಗಿ ಕೂಲಂಟ್ ಜಾಸ್ತಿ ಹಾಕಿದಷ್ಟೂ ತಂಪು ಅನ್ನುವುದು ತಪ್ಪು. ಬೆರೆಸಿಯೇ ಬರುವ ಕ್ಯಾನ್ ಆದರೆ ಮತ್ತೆ ನೀರು ಸೇರಿಸಬೇಡಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ಮೇಲಿನ ಹೋಸ್‌ನಲ್ಲಿ ನೈಲಾನ್ ಕಾಲುಚೀಲ ಸಿಕ್ಕಿಸುತ್ತಾರಂತೆ?

ಒಳ್ಳೆ ಉಪಾಯ. ತೆಳು ನೈಲಾನ್ ಕಾಲುಚೀಲದ ತುಂಡನ್ನು ಚೀಲದಂತೆ ಮಾಡಿ ರೇಡಿಯೇಟರ್‌ನ ಮೇಲಿನ ಬಾಯಿಗೆ ಹಾಕಿ, ಅದರ ಮೇಲೆ ಹೋಸ್ ಬಿಗಿ ಮಾಡಿ. ಉಳಿದ ಹಕ್ಕಳೆ ಅಲ್ಲೇ ನಿಲ್ಲುತ್ತದೆ. ಮೊದಲ ವಾರ ಪ್ರತಿ ಓಡಾಟದ ನಂತರ ಇಂಜಿನ್ ಆರಿದ ಮೇಲೆ ತೆಗೆದು ನೋಡಿ. ಮರೆತರೆ ಅದೇ ತುಂಬಿಕೊಂಡು ನೀರಿನ ದಾರಿ ಕಟ್ಟುತ್ತದೆ. ಕಸ ಬರುವುದು ನಿಂತ ಮೇಲೆ ತೆಗೆದುಹಾಕಿ.

ತೆಗೆದ ನೀರನ್ನು ಮೋರಿಗೆ ಬಿಡಬಹುದಾ?

ಹಳೆ ಕೂಲಂಟ್ ಇದ್ದರೆ ಬೇಡ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪ ಕುಡಿದರೂ ಸಾಯುತ್ತವೆ. ಮಕ್ಕಳಿಗೂ ಅಪಾಯ. ನೀರಿನ ಬಾಟಲಿಯಲ್ಲಿ ಯಾವತ್ತೂ ತುಂಬಿಡಬೇಡಿ. ಕ್ಯಾನ್‌ನಲ್ಲಿ ಹಾಕಿ, ಮೇಲೆ ಬರೆದು, ತೆಗೆದುಕೊಳ್ಳುವ ಸರ್ವಿಸ್ ಸೆಂಟರ್‌ಗೆ ಕೊಡಿ.

ಎಲ್ಲ ಮಾಡಿದೆ. ಇನ್ನೂ ಮುಳ್ಳು ಏರುತ್ತಿದೆ. ಏನು ಉಳಿಯಿತು?

ಮೊದಲು ಗಾಳಿ. ನೀರು ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಡಿಯ ಮೂತಿ ಮೇಲೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ವಾಲ್ವ್ ತೆರೆದು, ತಣ್ಣಗಿನ ಇಂಜಿನ್ನನ್ನು ಮುಚ್ಚಳ ತೆಗೆದೇ ಆನ್ ಮಾಡಿ. ಮೇಲಿನ ಹೋಸನ್ನು ಆಗಾಗ ಹಿಸುಕುತ್ತಾ ಇಳಿದಷ್ಟು ತುಂಬಿ.

ಮುಳ್ಳನ್ನೇ ನಂಬಬೇಡಿ, ಹಳೆ ಮೀಟರ್‌ಗಳು ಸುಳ್ಳು ಹೇಳುತ್ತವೆ. ಥರ್ಮಾಮೀಟರ್‌ನಲ್ಲಿ ಅಳೆದು ತಾಳೆ ನೋಡಿ. ಆಮೇಲೆ ವಾಟರ್ ಪಂಪ್ ಬಿಚ್ಚಿ ಒಳಗಿನ ರೆಕ್ಕೆ ನೋಡಿ. ಬರೀ ನೀರಲ್ಲಿ ವರ್ಷಗಟ್ಟಲೆ ಓಡಿದ ಪಂಪ್‌ನ ರೆಕ್ಕೆ ತುಕ್ಕು ತಿಂದು ಅರ್ಧ ಉಳಿದಿರುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಅದೂ ಸರಿಯಿದ್ದರೆ ಹೆಡ್ ತೆಗೆಯುವ ಹೊತ್ತು ಬಂದಿದೆ. ಹೆಡ್ ಮತ್ತು ಬ್ಲಾಕ್ ನಡುವಿನ ಸಣ್ಣ ನೀರಿನ ತೂತುಗಳು ಸುಣ್ಣ ಕಟ್ಟಿ ಮುಚ್ಚಿರಬಹುದು. ಅವನ್ನು ಮೇಲಿನಿಂದಲೇ ಬಿಡಿಸಬೇಕು. ತೆಗೆದ ಮೇಲೆ ಗ್ಯಾಸ್ಕೆಟ್‌ನ ತೂತುಗಳು ಬ್ಲಾಕ್‌ನ ತೂತುಗಳಿಗೆ ಹೊಂದುತ್ತವಾ ಅಂತ ಇಟ್ಟು ನೋಡಿ. ಹಿಂದೆ ಯಾರಾದರೂ ಗ್ಯಾಸ್ಕೆಟ್ ತಿರುವುಮುರುವು ಕೂರಿಸಿದ್ದರೆ ಹಿಂದಿನ ಸಿಲಿಂಡರ್‌ಗೆ ನೀರೇ ಹೋಗುತ್ತಿರುವುದಿಲ್ಲ. ಹೆಡ್ ಹೇಗೂ ಕೈಯಲ್ಲಿದೆ, ಬೋರಿಂಗ್ ಶಾಪ್‌ಗೆ ಒಯ್ದು ಸೊಟ್ಟಗಾಗಿದೆಯಾ ಅಂತ ಪಟ್ಟಿ ಇಟ್ಟು ನೋಡಿಸಿ, ಆಮೇಲೆ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿ.